ಉಪವಾಸದ ಡಬ್ಬಿ

ಜೋಗೇಶ್ವರಿ ಪೂರ್ವದಲ್ಲಿ, ಗುಡ್ಡದ ಮಗ್ಗುಲಿಗೆ ಹತ್ತಿಕೊಂಡಿದ್ದ ಆ ಚಾಳದಲ್ಲಿ ನಾಗವ್ವನ ಸಿಟ್ಟಿಗೆ ಎಲ್ಲರೂ ದಾರಿ ಬಿಡುತ್ತಿದ್ದರು. ನಳದ ಮುಂದೆ ಒಬ್ಬರ ಕೊಡವನ್ನು ಇನ್ನೊಬ್ಬರು ಹಿಂದಕ್ಕೆ ಸರಿಸುವುದು ಅಲ್ಲಿ ದಿನನಿತ್ಯದ ಮಾತು; ಅವಳ ಹಿತ್ತಾಳೆ ಕೊಡವನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಹಾಗಂತ ಅವಳು ಸುಮ್ಮಸುಮ್ಮನೆ ಬಾಯಿ ಮಾಡುವ ಹೆಂಗಸಲ್ಲ. ಎದುರಿನವರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ಆಮೇಲೆ ಶುರು ಮಾಡುವವಳು. ಶುರು ಮಾಡಿದಳೆಂದರೆ ಚಾಳದ ಆ ತುದಿಯಲ್ಲಿ ರೇಡಿಯೋ ಹಚ್ಚಿದವರೂ ಅದನ್ನು ಸಣ್ಣ ಮಾಡಿಕೊಂಡು ಕೂಡುತ್ತಿದ್ದರು.

ಅವಳು ಸಿಂದಗಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಮಗ ಸಂಗಪ್ಪನ ಬೆನ್ನು ಹತ್ತಿ ಮುಂಬಯಿಗೆ ಬಂದಳು. ಸಂಗಪ್ಪ ಬಾಟಲಿಗಳ ಪ್ಲಾಸ್ಟಿಕ್ ಮುಚ್ಚಳ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಮಷೀನು ನಡೆಸುತ್ತಿದ್ದ. ಸೊಸೆ ಚಂದ್ರವ್ವ ಅಲ್ಲಿಯೇ ಪ್ಯಾಕಿಂಗಿಗೆ ಹೋಗುತ್ತಿದ್ದಳು. ನಾಗವ್ವ ನಸುಕಿನಲ್ಲಿ ಎದ್ದು ಜೋಳದ ರೊಟ್ಟಿ ಬಡಿದು, ಬಿಳಿ ಅರಿವೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟುಕೊಂಡು ಲೋಕಲ್ ಹಿಡಿದು ಅಂಧೇರಿಗೆ ಹೋಗುವಳು. ಅಲ್ಲಿ ಬೆಳಗಾವಿ, ಧಾರವಾಡ, ವಿಜಾಪುರದಿಂದ ನೌಕರಿಗೆ ಬಂದ ಹುಡುಗರು ಒಂದೊಂದು ಖೋಲಿಯಲ್ಲಿ ನಾಲ್ಕೈದು ಮಂದಿ ಇರುತ್ತಿದ್ದರು. ಅವರಿಗೆ ಅವಳ ರೊಟ್ಟಿ ಬೇಕು. ನಿಜ ಹೇಳಬೇಕೆಂದರೆ ರೊಟ್ಟಿಗಿಂತ ಹೆಚ್ಚಾಗಿ ಅದರ ಸಂಗಡ ಅವಳು ಕಟ್ಟಿಕೊಡುವ ಶೇಂಗಾ ಹಿಂಡಿ ಬೇಕು. ಹುರಿದ ಶೇಂಗಾ, ಕೆಂಪು ಖಾರ, ಬೆಳ್ಳುಳ್ಳಿ, ಜೀರಿಗೆ ಹಾಕಿ ಕಲ್ಲಿನಲ್ಲಿ ಕುಟ್ಟಿದ್ದು. ಕೈಗೆ ಎಣ್ಣೆ ಹತ್ತುವಂಥದು.

ಮೊಮ್ಮಗಳು ಕಾಶಿ ಹುಟ್ಟಿದ್ದು ಆ ಚಾಳದಲ್ಲೇ. ಅವಳಿಗೆ ಒಂದೂವರೆ ವರ್ಷವಿದ್ದಾಗ ನಾಗವ್ವ ರೊಟ್ಟಿಯ ಮೆತ್ತನೆಯ ಚೂರಿಗೆ ಚೂರೇ ಚೂರು ಹಿಂಡಿ ಹಚ್ಚಿ ಬಾಯಿಗಿಟ್ಟಳು. ರೊಟ್ಟಿ ನುಂಗುವಷ್ಟರಲ್ಲಿ ಕೂಸಿನ ತುಟಿಗಳು ಬಾತವು. ಮೈ ತುಂಬ ಗಂದಿ ಎದ್ದು, ಕೆರೆದುಕೊಳ್ಳಲಿಕ್ಕೆ ಬಾರದ ಕೂಸು ಗೋಡೆಗೆ ಬೆನ್ನು ತಿಕ್ಕಿಕೊಂಡು ಅತ್ತಿತು. ಪಕ್ಕದ ಖೋಲಿಯಿಂದ ರುದ್ರವ್ವ ಓಡಿ ಬಂದಳು.

ರುದ್ರವ್ವ ಎಂದರೆ ನಾಗವ್ವನ ನೆಗೆಣ್ಣಿ. ಗಂಡನ ಅಣ್ಣ ಗದಿಗೆಪ್ಪನ ಹೆಂಡತಿ. ಗದಿಗೆಪ್ಪ ಬೊರಿವಲಿಯಲ್ಲಿ ಒಂದು ಬಿಲ್ಡಿಂಗಿನ ರಾತ್ರಿ ಕಾವಲುಗಾರ, ಹಗಲೆಲ್ಲ ಮಲಗುವವನು. ಅವರಿಗೆ ಮಕ್ಕಳಿಲ್ಲ. ಕಾಶಿ ಹಗಲು ಬೆಳೆದದ್ದು ರುದ್ರವ್ವನ ಮಡಿಲಲ್ಲಿ. ನಾಗವ್ವನಿಗೆ "ಆಯಿ" ಅಂದಳು, ರುದ್ರವ್ವನಿಗೆ "ದೊಡ್ಡಾಯಿ" ಅಂದಳು. ಅತ್ತರೆ ದೊಡ್ಡಾಯಿಯನ್ನೇ ಕರೆಯುವಳು.

"ಪಿತ್ತ ಎದ್ದದ," ಎಂದಳು ರುದ್ರವ್ವ. "ಕಂಬಳಿ ತಾ."

ಕರಿಕಂಬಳಿಯಿಂದ ಮೈ ತಿಕ್ಕಿದರು, ಕೋಕಂ ನೆನೆಸಿದ ನೀರು ಕುಡಿಸಿದರು. ಇಳಿಯಿತು. ಎಲ್ಲರೂ ಪಿತ್ತವೆಂದು ಸುಮ್ಮನಾದರು.

ನಾಗರಪಂಚಮಿಗೆ ಶೇಂಗಾ ಉಂಡಿ ತಿಂದಾಗ ಇನ್ನೊಮ್ಮೆ ಆಯಿತು. ಆ ಸಲ ವಾಂತಿ, ಎದೆಯಲ್ಲಿ ಸುಯ್ ಸುಯ್ ಸಪ್ಪಳ. ಮತ್ತೊಮ್ಮೆ ಹಿಂಡಿ ಕುಟ್ಟಿದ ಕೈಯಲ್ಲೇ ನಾಗವ್ವ ಕೂಸಿನ ಗಲ್ಲ ಹಿಡಿದಾಗ ಬೆರಳು ಮೂಡಿದ ಜಾಗವೆಲ್ಲ ಉಬ್ಬಿತು. ಅವಳು ಆ ದಿನ ಬಾಗಿಲಲ್ಲಿ ಕೂತು ಹಿಂದಿನದನ್ನೆಲ್ಲ ಒಂದೊಂದಾಗಿ ನೆನೆದಳು. ಎದ್ದು, ಮನೆಯಲ್ಲಿದ್ದ ಶೇಂಗಾವನ್ನು ಚೀಲ ಸಮೇತ ಒಯ್ದು ರುದ್ರವ್ವನ ಹೊಸ್ತಿಲ ಮೇಲಿಟ್ಟಳು. ಕುಟ್ಟುವ ಕಲ್ಲನ್ನು ಬೂದಿ ಹಾಕಿ ತಿಕ್ಕಿ, ಬಿಸಿನೀರು ಹೊಯ್ದು, ಮತ್ತೆ ತಿಕ್ಕಿದಳು. ಅಂದಿನಿಂದ ಆ ಮನೆಯಲ್ಲಿ ಶೇಂಗಾ ಇಲ್ಲ. ಪಲ್ಯಕ್ಕೆ ಇಲ್ಲ, ಎಣ್ಣೆಗೆ ಇಲ್ಲ, ಹೋಳಿಗೆಗೆ ಇಲ್ಲ. ಅಂಧೇರಿಯ ಹುಡುಗರು ಮುಖ ಸಣ್ಣ ಮಾಡಿದರು. ಕೆಲವರು ರೊಟ್ಟಿಯನ್ನೂ ಬಿಟ್ಟರು.

"ವಿಜಾಪುರದ ಮನ್ಯಾಗ ಹುಟ್ಟಿ ಶೇಂಗಾ ಒಲ್ಲದ ಕೂಸನ್ನ ನಾ ಇದಽ ಮೊದಲ ನೋಡಿದ್ದು," ಎಂದು ಒಬ್ಬ ನಕ್ಕ.

"ನೋಡಿದ್ಯಲ್ಲಾ, ಇನ್ನ ರೊಟ್ಟಿ ತಿನ್ನು," ಎಂದಳು ನಾಗವ್ವ.

ಮಾತು ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸಂಗಪ್ಪನಿಗೆ ಅವ್ವನ ಮಾತು ಸಾಲಲಿಲ್ಲ. ಗಲ್ಲಿಯ ದವಾಖಾನೆಗೆ ಮಗಳನ್ನು ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ವಯಸ್ಸಾದವನು, ಜಂಬದವನು. ಶೇಂಗಾ ಅಂದರೆ ಅದೂ ಬೇಳೆಯ ಜಾತಿಯೇ ಎಂದ. ತೊಗರಿ, ಹೆಸರು, ಕಡಲೆ, ಅಲಸಂದಿ ಎಲ್ಲ ಒಂದೇ ಬಳಗ. ಒಂದು ಆಗದವರಿಗೆ ಯಾವುದೂ ಆಗುವುದಿಲ್ಲ. ಎಲ್ಲಾ ಬಂದ್ ಮಾಡಿ ಎಂದ. ಸಂಗಪ್ಪ ಗೋಣು ಹಾಕಿ ಬಂದ. ಚಂದ್ರವ್ವ ಗಂಡನ ಮಾತಿಗೆ ಎದುರಾಡುವವಳಲ್ಲ. ಕಾಶಿಯ ತಾಟಿನಿಂದ ಬೇಳೆ ಹೋಯಿತು, ಕಾಳು ಹೋಯಿತು. ಬರೀ ಅನ್ನ, ನೀರು ಮಜ್ಜಿಗೆ, ಬಟಾಟಿ. ಮಳೆಗಾಲ ಮುಗಿಯುವಷ್ಟರಲ್ಲಿ ಹುಡುಗಿಯ ಕೈಯ ಬಳೆ ಮೊಣಕೈ ತನಕ ಜಾರತೊಡಗಿತು.

ನಾಗವ್ವ ತಾನೇ ದವಾಖಾನೆಗೆ ಹೋದಳು. "ಸಾಹೇಬರ, ಈ ಕೂಸು ತೊಗರಿಬ್ಯಾಳಿ ಕಟ್ಟು ಕುಡದು ಬೆಳದದ. ಅದಕ್ಕ ಏನೂ ಆಗಿಲ್ಲ. ಬ್ಯಾಳಿ ಯಾಕ ಬಿಡಸಿದ್ರಿ?" ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಕೇಳಿದಳು. ಅವನು ಪುಸ್ತಕದಲ್ಲಿ ಹಾಗಿದೆ ಎಂದ. ಇನ್ನೊಮ್ಮೆ ಕೇಳಿದಳು. ಡಾಕ್ಟರು ನಾನೋ ನೀನೋ ಎಂದ. ಮುಖ ಒರೆಸಿಕೊಂಡಳು. ಅವಳು ಬಾಯಿ ತೆರೆದಾಗ ಹೊರಗೆ ಬಾಕಿನ ಮೇಲೆ ಕೂತಿದ್ದ ರೋಗಿಗಳು ಎದ್ದು ಬಂದು ಪರದೆ ಸರಿಸಿ ನೋಡಿದರು. ಆದರೆ ಕೂಗಾಡಿ ಬಂದದ್ದರಿಂದ ಏನೂ ಬದಲಾಗಲಿಲ್ಲ. ಸಂಗಪ್ಪ ನಾಚಿಕೊಂಡು ಎರಡು ದಿನ ಅವ್ವನ ಸಂಗಡ ಮಾತಾಡಲಿಲ್ಲ, ಬೇಳೆಯೂ ಬರಲಿಲ್ಲ.

ಆ ಹೊತ್ತಿನಲ್ಲಿ ಶೇಂಗಾದ ಜಾತಿ ಯಾವುದು ಎಂಬುದು ನಳದ ಮುಂದಿನ ಮಾತಾಯಿತು. ಅದು ಕಾಳು ಎಂದವರುಂಟು, ಎಣ್ಣೆಬೀಜ ಎಂದವರುಂಟು, ಗೋಡಂಬಿ ಬದಾಮಿಯ ಬಡ ತಮ್ಮ ಎಂದವರುಂಟು. ರುದ್ರವ್ವ ಮಾತ್ರ ಬೇರೆಯದನ್ನೇ ಹೇಳುತ್ತಿದ್ದಳು. ಅವಳ ಪ್ರಕಾರ ಶೇಂಗಾ ಫರಾಳದ್ದು, ಉಪವಾಸದ ದಿನ ತಿನ್ನುವಂಥದು.

ಊರಲ್ಲಿದ್ದಾಗ ಅವರಿಗೆ ಶ್ರಾವಣ ಸೋಮವಾರವೆಂದರೆ ಹೊತ್ತು ಮುಳುಗಿದ ಮೇಲೆ ಒಂದೇ ಊಟ, ಅಷ್ಟೇ. ಮುಂಬಯಿಗೆ ಬಂದ ಮೇಲೆ ಮರಾಠಿ ನೆರೆಯವರಿಂದ ರುದ್ರವ್ವ ಹೊಸ ಕಟ್ಟಳೆ ಕಲಿತಳು. ಅಕ್ಕಿ, ಜೋಳ, ಗೋಧಿ, ಬೇಳೆ ನಡೆಯುವುದಿಲ್ಲ. ಸಾಬೂದಾಣಿ, ಬಟಾಟಿ, ಗೆಣಸು, ರಾಜಗಿರಾ, ಶೇಂಗಾ ನಡೆಯುತ್ತವೆ. ಜೀರಿಗೆ ಆಗುತ್ತದೆ, ಸಾಸಿವೆ ಆಗುವುದಿಲ್ಲ. ಹಸಿಮೆಣಸಿನಕಾಯಿ ಸರಿ, ಅರಿಷಿಣ ಬೇಡ. ಕಲಿಸಿದವರಿಗಿಂತ ಕಲಿತವಳೇ ಗಟ್ಟಿಯಾದಳು. ಉಪವಾಸಕ್ಕೆ ಬೇರೆ ಬಾಣಲೆ, ಬೇರೆ ಸೌಟು.

ಚಾಳದ ಕೊನೆಯ ಖೋಲಿಯಲ್ಲಿ ಮೈಸೂರಿನ ಸುಮಿತ್ರಾ ಇದ್ದಳು. ಗಂಡ ಜಯಸಿಂಹ ಅಂಧೇರಿಯಲ್ಲಿ ಆಫೀಸಿನ ಗುಮಾಸ್ತ. ಅವಳು ಒಂದು ದಿನ, "ನಮ್ಮ ಕಡೆ ಒಪ್ಪತ್ತು ಅಂದ್ರೆ ಅವಲಕ್ಕಿ ತಿಂತೀವಿ, ಇಲ್ಲ ಗೋಧಿ ರವೆ ಉಪ್ಪಿಟ್ಟು ಮಾಡ್ಕೋತೀವಿ, ರುದ್ರವ್ವನವರೇ," ಎಂದಳು.

"ಅವಲಕ್ಕಿ ಅಂದ್ರ ಅಕ್ಕಿ ಅಲ್ಲೇನವಾ? ಗೋದಿ ಅಂದ್ರ ಧಾನ್ಯ ಅಲ್ಲೇನು? ಅದನ್ಯಾಕ ಒಪ್ಪತ್ತು ಅಂತೀರಿ, ಹಬ್ಬ ಅನ್ರಿ," ಎಂದು ರುದ್ರವ್ವ ನಗಿಸಿದಳು. ಸುಮಿತ್ರಾಳೂ ನಕ್ಕಳು. ನಾಗವ್ವ ಕೊಡ ಎತ್ತಿಕೊಂಡು, "ಯಾವುದರ ತಿನ್ರಿ. ನನ್ನ ಮೊಮ್ಮಗಳ ಮುಂದ ಮಾತ್ರ ಶೇಂಗಾ ತರಬ್ಯಾಡ್ರಿ," ಎಂದು ಹೋದಳು.

ರುದ್ರವ್ವ ಆ ಮಾತನ್ನು ಹಗುರಾಗಿ ತೆಗೆದುಕೊಂಡಿರಲಿಲ್ಲ. ಕೂಸು ತನ್ನ ಮನೆಯಲ್ಲಿ ಓಡಾಡುವುದೆಂದು ಶೇಂಗಾದ ಡಬ್ಬಿಯನ್ನು ಮೇಲೆ ಅಟ್ಟದ ಮೇಲಿಟ್ಟಳು. ಗದಿಗೆಪ್ಪ ಹಿಂಡಿ ಬೇಡಿದರೆ, "ಕಾಶಿ ಮಲಗಲಿ, ಆಮ್ಯಾಲ ಕೊಡ್ತೀನಿ," ಎಂದು ಕಾಯಿಸುತ್ತಿದ್ದಳು. ಅವನು ಉಂಡ ಮೇಲೆ ಕೈ ತೊಳೆದನೋ ಇಲ್ಲವೋ ನೋಡುತ್ತಿದ್ದಳು. ಇಷ್ಟು ಜೋಪಾನ ಮಾಡಿದವಳು ದೇವರ ಹಲಗೆಯ ಕೆಳಗಿದ್ದ ಇನ್ನೊಂದು ಡಬ್ಬಿಯನ್ನು ಮುಟ್ಟಲಿಲ್ಲ. ಅದರಲ್ಲಿಯೂ ಇದ್ದದ್ದು ಶೇಂಗಾ ಪುಡಿಯೇ. ಮಡಿಯಲ್ಲಿ ಹುರಿದು, ಸಿಪ್ಪೆ ತೆಗೆದು, ಉಪ್ಪು ಖಾರ ಸೋಕಿಸದೆ ಕುಟ್ಟಿದ್ದು. ಆದರೆ ಅದು ಉಪವಾಸದ ಡಬ್ಬಿ. ಅದನ್ನು ಅವಳು ಯಾವತ್ತೂ ಶೇಂಗಾ ಎಂದು ಲೆಕ್ಕಕ್ಕೆ ಹಿಡಿದವಳೇ ಅಲ್ಲ.

ಎಂಬತ್ತಾರನೇ ಇಸವಿಯ ಶ್ರಾವಣ. ಕಾಶಿಗೆ ನಾಲ್ಕು ತುಂಬಿತ್ತು. ಸೋಮವಾರ ನಾಗವ್ವ ಅಂಧೇರಿಯಿಂದ ಖಾಲಿ ಬುಟ್ಟಿ ಹಿಡಿದು ಮಳೆಯಲ್ಲಿ ತೊಯ್ದುಕೊಂಡು ಬಂದಾಗ ಗಲ್ಲಿಯ ಬಾಯಲ್ಲೇ ಸುಮಿತ್ರಾ ಎದುರಾದಳು. "ನಾಗವ್ವನವರೇ, ಬೇಗ ಬನ್ನಿ," ಎಂದಳು, ಏನೆಂದು ಹೇಳಲಿಲ್ಲ.

ಕಾಶಿ ರುದ್ರವ್ವನ ತೊಡೆಯ ಮೇಲಿದ್ದಳು. ಕಣ್ಣು ಸೀಳಿನಷ್ಟು ಉಳಿದಿತ್ತು. ರುದ್ರವ್ವ ಕಂಬಳಿಯಿಂದ ಬೆನ್ನು ತಿಕ್ಕುತ್ತಿದ್ದಳು, ಬಾಯಿಗೆ ಕೋಕಂ ನೀರು ಹಾಕುತ್ತಿದ್ದಳು. ನೀರು ನುಂಗಲಾಗದೆ ಗಲ್ಲದ ಮೇಲಿಂದ ಇಳಿಯುತ್ತಿತ್ತು. ಹುಡುಗಿ ಅಳುತ್ತಿರಲಿಲ್ಲ. ಅಳಲಿಕ್ಕೆ ಉಸಿರಿರಲಿಲ್ಲ. ಒಳಗೆಳೆದುಕೊಂಡಾಗಲೆಲ್ಲ ಕೋಳಿಮರಿಯಂಥ ಒಂದು ಸಪ್ಪಳ.

"ಶೇಂಗಾ ಕೊಟ್ಟಿ?" ಎಂದಳು ನಾಗವ್ವ.

"ಇಲ್ಲ."

"ಖರೇ ಹೇಳಕ್ಕಾ. ಶೇಂಗಾ ಕೊಟ್ಟಿ?"

ರುದ್ರವ್ವ ಕೊರಳಲ್ಲಿದ್ದ ಕರಡಿಗೆಯನ್ನು ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು. "ಲಿಂಗಾ ಮುಟ್ಟಿ ಹೇಳ್ತೀನಿ. ಶೇಂಗಾ ಕೊಟ್ಟಿಲ್ಲ."

ಅದರ ಮೇಲೆ ಕೇಳುವುದಿಲ್ಲ. ನಾಗವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿದಳು. ಹಿಂದೆಯೇ ರುದ್ರವ್ವ, ಸುಮಿತ್ರಾ ಓಡಿದರು. ರಿಕ್ಷಾದಲ್ಲಿ ಮೂವರು ಹೆಂಗಸರು, ಒಂದು ಕೂಸು. ದೊಡ್ಡ ದವಾಖಾನೆ ಮುಟ್ಟುವ ತನಕ ನಾಗವ್ವ ಕಾಶಿಯ ಬಾಯಿಗೆ ತನ್ನ ಕಿವಿ ಹಚ್ಚಿಕೊಂಡೇ ಕೂತಿದ್ದಳು.

ಅಲ್ಲಿದ್ದ ಹುಡುಗ ಡಾಕ್ಟರು ಏನು ತಿಂದಳು ಎಂದು ಕೇಳಿದ. ನಾಗವ್ವ, "ಶೇಂಗಾ ತಿಂದ್ರ ಹಿಂಗಾಗ್ತದ. ಇವತ್ತ ತಿಂದಿಲ್ಲಂತ," ಎಂದಳು. ಸುಮಿತ್ರಾ ಅದನ್ನು ಹಿಂದಿಗೆ ತಿರುಗಿಸಿದಳು. ತಿಂದಿಲ್ಲವಾದರೆ ಬೇರೇನೋ ಇರಬೇಕೆಂದು ಅವನು ಗಂಟಲಲ್ಲಿ ಗುಂಡಿಯೋ ನಾಣ್ಯವೋ ಸಿಕ್ಕಿದೆಯೇ ಎಂದು ಬಾಯಿ ತೆರೆಸಿ ದೀಪ ಹಾಕಿ ನೋಡತೊಡಗಿದ. ಕಾಶಿಯ ತುಟಿ ನೀಲಿಗೆ ತಿರುಗುತ್ತಿತ್ತು.

ಸುಮಿತ್ರಾ ರುದ್ರವ್ವನ ಕಡೆ ತಿರುಗಿದಳು. "ಬೆಳಗಿಂದ ಏನು ತಿಂದಳು ಇವಳು?"

"ಏನೂ ಇಲ್ಲವಾ. ನನಗ ಉಪಾಸ. ಮನ್ಯಾಗ ಅಡಿಗಿ ಮಾಡಿಲ್ಲ."

"ಮಗೂಗೂ ಉಪವಾಸವೇ?"

"ಖಿಚಡಿ ತಿಂದಾಳ. ನನ್ನ ತಾಟಿನಾಗಽ ಎರಡು ತುತ್ತು."

"ಸಾಬೂದಾಣಿ ಖಿಚಡಿಗೆ ಕಡಲೆಕಾಯಿ ಪುಡಿ ಹಾಕೋದಿಲ್ವಾ ನೀವು?"

"ಅದು ಉಪಾಸದ್ದು," ಎಂದಳು ರುದ್ರವ್ವ. ಅವಳ ಮುಖದಲ್ಲಿ ಅಂಜಿಕೆಯಿತ್ತು, ಸುಳ್ಳಿನ ಗುರುತು ಎಳ್ಳಷ್ಟೂ ಇರಲಿಲ್ಲ.

ನಾಗವ್ವನಿಗೆ ಆ ಮಾತು ಕಿವಿಗೆ ಬಿದ್ದು ಒಳಗೆ ಇಳಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳು ಡಾಕ್ಟರನ ಕೈ ಹಿಡಿದು ಎಳೆದಳು. "ಶೇಂಗಾ. ಶೇಂಗಾನಽ ತಿಂದಾಳ. ಮೂಂಗಫಲಿ."

ಅವನು ನಿಂತು ಯೋಚಿಸಿದ. ಬೇಳೆ ತಿನ್ನುತ್ತಾಳೆಯೇ ಎಂದು ಕೇಳಿದ. ಮೊದಲು ತಿನ್ನುತ್ತಿದ್ದಳು, ಏನೂ ಆಗುತ್ತಿರಲಿಲ್ಲ ಎಂದಳು ಸುಮಿತ್ರಾ. ಹಾಗಿದ್ದರೆ ಇದು ಅದಲ್ಲ ಎಂದ; ಶೇಂಗಾ ಗೋಡಂಬಿ ಬದಾಮಿಯ ಜಾತಿಯಲ್ಲ, ಬೇಳೆಯ ಜಾತಿ, ಬೇಳೆ ಒಗ್ಗಿದವರಿಗೆ ಶೇಂಗಾದಿಂದ ಹೀಗಾಗುವುದಕ್ಕೆ ಸಾಧ್ಯವಿಲ್ಲವೆಂದು ಪಕ್ಕದಲ್ಲಿದ್ದ ಇನ್ನೊಬ್ಬನಿಗೆ ಇಂಗ್ಲಿಷಿನಲ್ಲಿ ಹೇಳಿದ. ಆ ಇನ್ನೊಬ್ಬ ಅಲ್ಲವೆಂದ. ಅವರಿಬ್ಬರೂ ಮಂಚದ ಆಚೆ ಈಚೆ ನಿಂತು ವಾದಕ್ಕೆ ಬಿದ್ದರು. ನಡುವೆ ಕಾಶಿ. ನಾಗವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ನಳದ ಮುಂದಿನ ಅದೇ ಮಾತನ್ನು ಇವರು ಬಿಳಿ ಅಂಗಿ ಹಾಕಿಕೊಂಡು ಆಡುತ್ತಿದ್ದಾರೆಂದು ತಿಳಿಯಲು ಇಂಗ್ಲಿಷ್ ಬೇಕಿರಲಿಲ್ಲ.

ಅವಳು ಮುಖ ಒರೆಸಿಕೊಳ್ಳಲಿಲ್ಲ. "ಅದರ ಜಾತಿ ಹಚ್ಚಿ ಏನ್ ಮಾಡ್ತೀರೋ, ಲಗ್ನ ಮಾಡ್ತೀರೇನು?" ಎಂದು ಚೀರಿದ ಚೀರಿಗೆ ವಾರ್ಡಿನ ಆ ತುದಿಯಿಂದ ಒಬ್ಬ ದೊಡ್ಡ ಡಾಕ್ಟರಬಾಯಿ ಬಿರುಸಾಗಿ ಬಂದಳು. ಕೂಸನ್ನು ಒಂದು ಸಲ ನೋಡಿ ಅವರಿಬ್ಬರನ್ನೂ ಬೈದಳು, ತಾನೇ ತೊಡೆಗೆ ಇಂಜೆಕ್ಷನ್ ಚುಚ್ಚಿದಳು. ಮೂಗಿಗೆ ನಳಿಕೆ ಬಂತು. ಸ್ವಲ್ಪ ಹೊತ್ತಿಗೆ ಆ ಕೋಳಿಮರಿಯ ಸಪ್ಪಳ ನಿಂತು ಅಳು ಬಂತು. ಅಳು ಕೇಳಿದ ಮೇಲೆ ನಾಗವ್ವ ನೆಲದ ಮೇಲೆ ಕೂತಳು.

ಮರುದಿನ ಡಾಕ್ಟರಬಾಯಿ ಸಂಗಪ್ಪನಿಗೆ ಬಿಡಿಸಿ ಹೇಳಿದಳು. ಶೇಂಗಾ ಒಂದೇ ಈ ಹುಡುಗಿಗೆ ವಿಷ. ಪುಡಿ, ಎಣ್ಣೆ, ಚಿಕ್ಕಿ, ಯಾವ ವೇಷದಲ್ಲಿ ಬಂದರೂ ವಿಷ. ಬೇಳೆ ಒಗ್ಗುತ್ತದೆಂದು ಗೊತ್ತಿದ್ದರೆ ಬೇಳೆ ಕೊಡಿ, ಹುಡುಗಿ ಸೊರಗಿದ್ದಾಳೆ. ಮೊದಲೆಲ್ಲ ಇಂಥ ಮಕ್ಕಳು ತನ್ನ ಹತ್ತಿರ ಅಪರೂಪಕ್ಕೆ ಬರುತ್ತಿದ್ದರು, ಈಗ ಒಬ್ಬರಿಗೆ ಹಾಲು ಆಗುವುದಿಲ್ಲ, ಒಬ್ಬರಿಗೆ ತತ್ತಿ ಆಗುವುದಿಲ್ಲ ಎಂದು ಬರುತ್ತಲೇ ಇದ್ದಾರೆ, ಯಾಕೆಂದು ತನಗೂ ತಿಳಿಯದು ಎಂದಳು. ಇನ್ನೊಮ್ಮೆ ಹೀಗಾದರೆ ಇಲ್ಲಿ ತನಕ ತರಲು ವೇಳೆ ಸಿಗಲಿಕ್ಕಿಲ್ಲ ಎಂದೂ ಹೇಳಿದಳು. ಸಂಗಪ್ಪ ಅವ್ವನ ಮುಖ ನೋಡಲಾರದೆ ನೆಲ ನೋಡಿದ.

ಚಾಳಕ್ಕೆ ಬಂದರೆ ಅಲ್ಲಿ ಎಲ್ಲ ತೀರ್ಮಾನವಾಗಿ ಹೋಗಿತ್ತು. ಕಾಶಿಗೆ ದೃಷ್ಟಿ ತಾಗಿತ್ತಂತೆ. ಮಳೆಯಲ್ಲಿ ಬರ್ಫದ ಗೋಳಾ ತಿಂದಿದ್ದಳಂತೆ. ರುದ್ರವ್ವ ಲಿಂಗ ಮುಟ್ಟಿ ಆಣೆ ಮಾಡಿದ್ದಾಳೆಂದ ಮೇಲೆ ಶೇಂಗಾದ ಮಾತೇ ಇಲ್ಲ. ಉಪವಾಸದ ಅಡಿಗೆ ದೇವರಿಗೆ ಸಂದದ್ದು, ಅದು ಕೂಸಿಗೆ ಬಾಧಿಸುವುದುಂಟೆ? ಹೆಂಗಸರು ರುದ್ರವ್ವನನ್ನು ಸುತ್ತಿಕೊಂಡು ಸಮಾಧಾನ ಮಾಡುತ್ತಿದ್ದರು. ರುದ್ರವ್ವ ಯಾವುದಕ್ಕೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ನಾಗವ್ವ ಅದನ್ನೂ ನುಂಗಿದಳು. ಆದರೆ ಕಾಶಿ ಚೇತರಿಸಿಕೊಂಡು ಓಡಾಡತೊಡಗಿದ ಮೇಲೆ ಒಂದು ಬೆಳಿಗ್ಗೆ ನಳದ ಮುಂದೆ ಯಾರೋ ಮರಾಠಿ ಅಜ್ಜಿ ಅವಳ ಕೈಗೆ ಒಂದು ಉಂಡಿ ಕೊಟ್ಟಳು. ನಾಗವ್ವ ಹದ್ದಿನಂತೆ ಬಂದು ಅದನ್ನು ಹೊಡೆದು ಕೆಡವಿದಳು. ಉಂಡಿ ಒಡೆದು ಒಳಗಿನ ಶೇಂಗಾ ನೀರಿನಲ್ಲಿ ಹರಡಿತು. ಅಜ್ಜಿ ನೊಂದುಕೊಂಡಳು. ಇದು ಉಪವಾಸದ ಉಂಡಿ, ಬಾಯೀ, ಅದರಿಂದ ಏನೂ ಆಗುವುದಿಲ್ಲ, ಬೇಕಾದರೆ ನಿಮ್ಮ ರುದ್ರವ್ವನನ್ನೇ ಕೇಳಿ ಎಂದಳು.

ನಾಗವ್ವ ನೆಟ್ಟಗೆ ರುದ್ರವ್ವನ ಖೋಲಿಗೆ ಹೋದಳು. ದೇವರ ಹಲಗೆಯ ಕೆಳಗಿನ ಡಬ್ಬಿಯನ್ನು ಎತ್ತಿ ಗಟಾರಿನಲ್ಲಿ ಸುರಿದಳು. ರುದ್ರವ್ವ ತಡೆಯಲಿಲ್ಲ, ನೋಡುತ್ತ ನಿಂತಳು.

"ಅಕ್ಕಾ, ನೀ ನಳದ ಮುಂದ ನಿಂತು ಹೇಳಬೇಕು. ನಾ ಶೇಂಗಾ ತಿನಿಸಿದೆ, ಅದಕಽ ಹಿಂಗಾತು ಅಂತ."

"ನಾ ಬೇಕಂತ ಮಾಡಿದ್ನೇನು, ನಾಗಿ?"

"ಬೇಕಂತ ಮಾಡಿದ್ರ ನಿನ್ನ ಕೂಡ ಮಾತಾಡತಿದ್ನೇನು ನಾ? ನಿಂದು ತಪ್ಪಂತ ಒಪ್ಪಸಲಿಕ್ಕೆ ಬಂದಿಲ್ಲ. ನೀ ಬಾಯಿ ಮುಚ್ಚಿಕೊಂಡು ಕುಂತೀದಿ ಅಂತ ಇವರೆಲ್ಲಾ ನನ್ನ ಕೂಸಿಗೆ ಉಂಡಿ ಕೊಡಲಿಕ್ಹತ್ಯಾರ. ದೇವರದು ಅಂತ ಕೊಡ್ತಾರ. ನಾ ಎಷ್ಟು ಮಂದಿ ಕೈ ಹಿಡೀಲಿ?"

ರುದ್ರವ್ವ ಗೋಡೆಗೆ ಆತುಕೊಂಡಳು. "ಹೆಂಗ ಹೇಳಲಿ? ಲಿಂಗಾ ಅಂಗೈಯಾಗ ಇಟಗೊಂಡು ಇಲ್ಲಂದೀನಿ. ಈಗ ಹೂಂ ಅಂದ್ರ ಅದು ಸುಳ್ಳಾಣಿ ಆಗ್ತದ. ಸಾಯೋ ಕೂಸಿನ ಮುಂದ ಸುಳ್ಳಾಣಿ ಮಾಡಿದ ಹೆಂಗಸು ಅಂತಾರ ನನಗ. ಅಂದವರು ಅನ್ನಲಿ. ನನ್ನ ಲಿಂಗಕ್ಕ ಏನು ಹೇಳಲಿ? ಇಷ್ಟು ವರ್ಷದ ಸೋಮವಾರ ಏನಾದವು?"

"ನಿನ್ನ ಸೋಮವಾರ ನೀನೂ ಆ ಶಿವನೂ ಕೂತು ಬಗೀಹರಿಸಿಕೋರಿ. ನನಗ ಅದು ಬ್ಯಾಡ. ಶೇಂಗಾ ಧಾನ್ಯೋ ಹಣ್ಣೋ ಅದೂ ಬ್ಯಾಡ. ಹೇಳ್ತೀಯೋ ಇಲ್ಲೋ?"

ರುದ್ರವ್ವ ಖಾಲಿ ಡಬ್ಬಿಯನ್ನು ಎತ್ತಿ ಮತ್ತೆ ದೇವರ ಹಲಗೆಯ ಕೆಳಗೆ ಇಟ್ಟಳು.

"ಹಂಗಾದ್ರ ಕಾಶಿ ಇವತ್ತಿನಿಂದ ಈ ಹೊಸ್ತಿಲಾ ದಾಟಂಗಿಲ್ಲ," ಎಂದು ನಾಗವ್ವ ಹೊರಬಿದ್ದಳು.

ಹೇಳುವುದು ಸುಲಭವಾಗಿತ್ತು. ಮರುದಿನದಿಂದ ನಾಗವ್ವ ಒಂದು ಕಂಕುಳಲ್ಲಿ ಬುಟ್ಟಿ, ಇನ್ನೊಂದರಲ್ಲಿ ಮೊಮ್ಮಗಳನ್ನು ಹಿಡಿದುಕೊಂಡು ಲೋಕಲ್ ಹತ್ತಿದಳು. ಬೆಳಗಿನ ಗದ್ದಲದಲ್ಲಿ ಹೆಂಗಸರ ಡಬ್ಬಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಲ್ಲಿಯೂ ಪೊಟ್ಟಣ ಬಿಚ್ಚಿ ಶೇಂಗಾ ತಿನ್ನುವವರು. ಸಿಪ್ಪೆ ಗಾಳಿಗೆ ಹಾರಿ ಬಂದು ಕೂಸಿನ ಕೂದಲಿಗೆ ಹತ್ತುವುದು. ನಾಗವ್ವ ಎಲ್ಲರ ಸಂಗಡ ಜಗಳ ಮಾಡಿದಳು. ಯಾರಿಗೂ ಅರ್ಥವಾಗಲಿಲ್ಲ. ಒಬ್ಬಳು, "ಅಜ್ಜಿಗೆ ತಲೆ ಕೆಟ್ಟಿದೆ," ಎಂದು ಮಗ್ಗುಲಿನವಳಿಗೆ ಹೇಳಿದ್ದು ಕೇಳಿಸಿತು. ಅಂಧೇರಿಯ ಮೆಟ್ಟಿಲುಗಳನ್ನು ಹತ್ತಿ ಇಳಿಯುವಾಗ ಹುಡುಗಿ ನಿದ್ದೆ ಹೋಗಿ ಭಾರವಾಗುವಳು. ಎಚ್ಚರಾದಾಗ ಒಂದೇ ಹಟ: ದೊಡ್ಡಾಯಿ ಎಲ್ಲಿ. ಅದನ್ನು ಕೇಳಿದಾಗಲೆಲ್ಲ ನಾಗವ್ವನ ಸಿಟ್ಟು ಇಮ್ಮಡಿಯಾಗುವುದು. ಒಂದು ದಿನ ಆ ಸಿಟ್ಟಿನಲ್ಲಿ ಕೂಸಿನ ಬೆನ್ನಿಗೆ ಒಂದು ಪೆಟ್ಟು ಹಾಕಿದಳು. ಪ್ಲಾಟ್‌ಫಾರ್ಮಿನ ಬಾಕಿನ ಮೇಲೆ ಕೂತು ಅದೇ ಬೆನ್ನನ್ನು ಸವರುತ್ತ ಎರಡು ಗಾಡಿ ಬಿಟ್ಟಳು.

ಮನೆಯಲ್ಲಿ ಚಂದ್ರವ್ವ ಮೊದಲ ಸಲ ಬಾಯಿ ತೆಗೆದಳು. "ಅತ್ತಿ, ನಾ ಪ್ಯಾಕಿಂಗ್ ಬಿಟ್ಟು ಮನ್ಯಾಗ ಕೂಡ್ತೀನಿ."

"ನೀ ಯಾಕ ಬಿಡಬೇಕು?" ಎಂದಳು ನಾಗವ್ವ. "ಹೇಳಬೇಕಾದವರು ಹೇಳಲಿ."

ಪಕ್ಕದ ಖೋಲಿಯ ಗೋಡೆ ತೆಳ್ಳಗಿನದು. ನಾಗವ್ವ ಅದನ್ನು ಗಟ್ಟಿಯಾಗಿಯೇ ಹೇಳಿದಳು.

ಶ್ರಾವಣದ ಕೊನೆಯ ಸೋಮವಾರ ರುದ್ರವ್ವ ಖಿಚಡಿ ಮಾಡಲಿಲ್ಲ. ಬಾಣಲೆಯ ಸಪ್ಪಳ ಬಾರದ್ದನ್ನು ನಾಗವ್ವ ಗಮನಿಸಿದಳು. ಗಮನಿಸಿದ್ದನ್ನು ಮುಖದಲ್ಲಿ ತೋರಿಸಲಿಲ್ಲ. ಗೋಡೆಯಾಚೆ ಗದಿಗೆಪ್ಪ, "ಏನರ ತಿನ್ನಽ, ಬಿದ್ದು ಗಿದ್ದೀ," ಎಂದು ಗೊಣಗುತ್ತಿದ್ದ. ಅವಳು ಏನು ಉತ್ತರ ಕೊಟ್ಟಳೋ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ನೀರು ಬರುವ ಹೊತ್ತು. ಕೊಡಗಳ ಸಾಲು ಗಲ್ಲಿಯ ತಿರುವಿನ ತನಕ ಹೋಗಿತ್ತು. ಸುಮಿತ್ರಾ ಇದ್ದಳು, ಉಂಡಿ ಕೊಟ್ಟ ಅಜ್ಜಿ ಇದ್ದಳು, ಚಾಳದ ಹೆಂಗಸರೆಲ್ಲ ಇದ್ದರು. ರುದ್ರವ್ವ ಕೊಡ ಸಾಲಿನಲ್ಲಿಡದೆ ಬಗಲಲ್ಲೇ ಹಿಡಿದುಕೊಂಡು ನಳದ ಕಟ್ಟೆ ಹತ್ತಿ ನಿಂತಳು. ರಾತ್ರಿ ನಿದ್ದೆ ಮಾಡಿದವಳಂತೆ ಕಾಣಲಿಲ್ಲ.

"ಎಲ್ಲಾರೂ ಒಂದೀಟು ಕೇಳ್ರಿ," ಎಂದಳು. ಆಮೇಲೆ ತನಗೆ ಬರುವ ಮುರುಕು ಮರಾಠಿಯಲ್ಲಿ, ನಡುನಡುವೆ ಕನ್ನಡದಲ್ಲಿ ಹೇಳಿದಳು. "ನಮ್ಮ ಕಾಶಿಗೆ ದೃಷ್ಟಿ ಆಗಿದ್ದಿಲ್ಲ. ಪಿತ್ತ ಎದ್ದಿದ್ದಿಲ್ಲ. ಗೋಳಾ ತಿಂದಿದ್ದಿಲ್ಲ. ನಾ ಅಕಿಗೆ ಶೇಂಗಾ ತಿನಿಸಿದ್ದೆ."

"ಅದು ಉಪವಾಸದ್ದಲ್ಲವೇ ಬಾಯಿ," ಎಂದಿತು ಒಂದು ದನಿ.

"ಹೌದು, ಉಪಾಸದ್ದಽ. ಅದಽ ಅಕಿ ಗಂಟಲಾ ಹಿಡೀತು. ದೇವರ ಮುಂದ ಇಟ್ಟ ಡಬ್ಬಿದು. ಲಿಂಗಾ ಮುಟ್ಟಿ ಇಲ್ಲಂದಿದ್ದೆ. ಗೊತ್ತಿಲ್ಲದ ಅಂದ್ರೂ ಸುಳ್ಳಽ ಅದು. ಅದನ್ನ ನಾ ನೋಡ್ಕೋತೀನಿ. ನೀವು ಯಾರೂ ಆ ಕೂಸಿಗೆ ಏನೂ ಕೊಡಬ್ಯಾಡ್ರಿ. ಪ್ರಸಾದ ಅಂದ್ರೂ ಬ್ಯಾಡ, ಫರಾಳ ಅಂದ್ರೂ ಬ್ಯಾಡ. ಕೊಟ್ಟವರಿಗೆ ನನ್ನ ಪಾಪ ಹತ್ತತದ."

ನಳದಿಂದ ನೀರು ತುಂಬಿದ ಕೊಡದ ಮೇಲೆ ಹರಿದು ಹೋಗುತ್ತಿತ್ತು. ಯಾರೂ ಕೊಡ ಸರಿಸಲಿಲ್ಲ. ಉಂಡಿಯ ಅಜ್ಜಿ ಎರಡೂ ಕೈಯಿಂದ ತನ್ನ ಗಲ್ಲ ಬಡಿದುಕೊಂಡಳು. ಯಾರೋ ಒಬ್ಬಳು ಹಿಂದಿನಿಂದ, ಸುಳ್ಳಾಣೆಯಂತೆ, ಎಂದು ಮೆಲ್ಲಗೆ ಅಂದಳು. ರುದ್ರವ್ವನಿಗೆ ಅದು ಕೇಳಿಸಿತು. ಅವಳು ಆ ಕಡೆ ತಿರುಗಲಿಲ್ಲ. ನಾಗವ್ವ ತಿರುಗಿದಳು. ಒಂದೇ ಸಲ ನೋಡಿದಳು. ಆ ದನಿ ಮತ್ತೆ ಬರಲಿಲ್ಲ.

ನಾಗವ್ವನಿಗೆ ಸಿಟ್ಟು ಇಳಿದಿರಲಿಲ್ಲ. ಇಳಿಯುತ್ತದೆಂದು ಅವಳು ಅಂದುಕೊಂಡೂ ಇರಲಿಲ್ಲ. ರಿಕ್ಷಾದಲ್ಲಿ ಕಿವಿ ಹಚ್ಚಿಕೊಂಡು ಕೂತ ಆ ಹೊತ್ತನ್ನು ಯಾರೂ ಹಿಂದಕ್ಕೆ ಕೊಡುವಂತಿರಲಿಲ್ಲ. ತನ್ನ ಕೊಡವನ್ನು ಸೊಂಟಕ್ಕೇರಿಸಿಕೊಂಡು ರುದ್ರವ್ವನ ಮುಂದೆ ಹಾದು ಹೋಗುವವಳು ನಿಂತಳು.

"ನಾಳಿ ನಾ ಲಗೂ ಹೋಗ್ತೀನಿ. ಅಂಧೇರ್ಯಾಗ ಒಬ್ಬರ ಮನ್ಯಾಗ ಮುತ್ತೈದೇರ ಊಟ ಅದ, ರೊಟ್ಟಿ ಬಾಳ ಕೇಳ್ಯಾರ. ಕಾಶಿ ಎದ್ದಿರಂಗಿಲ್ಲ. ಮಲಗಿದ್ದಽ ಎತಗೊಂಡು ಹೋಗು."

ರುದ್ರವ್ವ ತಲೆಯಾಡಿಸಿದಳು.

"ಬ್ಯಾಳಿ ಹಾಕು. ತುಪ್ಪ ಹಾಕು. ಹುಡಗಿ ಬಡಕಲಾಗ್ಯದ."

"ಹಾಕ್ತೀನಿ."

"ಇನ್ನೊಮ್ಮೆ ಹಿಂಗಾತಂದ್ರ ನಿನ್ನ ಕೈ ಮುರೀತೀನಿ, ಅಕ್ಕ ಅನ್ನೂದು ನೋಡಂಗಿಲ್ಲ."

"ಮುರಿ," ಎಂದಳು ರುದ್ರವ್ವ, ತನ್ನ ಕೊಡವನ್ನು ಸಾಲಿನ ಕೊನೆಗೆ ಒಯ್ಯುತ್ತ.